ಕ್ಲಿಕ್ ಅನ್ನುವ ತನಕ

ಬೆಳಿಗ್ಗೆ ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ನಮ್ಮ ಭಾವ ಆನೆಯ ದಾರಿಯಲ್ಲಿ ನಿಂತರು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ, ಅವರ ಹೊಸ ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಮೂಲೆಯಲ್ಲೂ ಹೊತ್ತನ್ನು ನಮೂದಿಸುತ್ತಿತ್ತು.

ಭಾವನಿಗೆ ಅಗ್ರಹಾರದಲ್ಲಿ ಪುಸ್ತಕ, ಪೆನ್ನುಗಳ ಅಂಗಡಿ. ವರ್ಷಕ್ಕೊಂದು ಕ್ಯಾಮೆರಾ. ಎರಡು ಮೆಗಾಪಿಕ್ಸೆಲ್ಲಿನಿಂದ ಮೂರಕ್ಕೆ, ಮೂರರಿಂದ ಐದಕ್ಕೆ. ಪ್ರತಿ ಸಲವೂ ಕೊಳ್ಳುವ ಮುಂಚೆ ನನ್ನನ್ನು ಕೇಳುತ್ತಿದ್ದರು, ನಾನು ಬಿ.ಎಸ್ಸಿ.ಯಲ್ಲಿ ಮಸೂರಗಳ ಪಾಠ ಓದಿದವನು. ಪ್ರತಿ ಸಲವೂ ನಾನು ಬೇಡ ಎನ್ನುತ್ತಿದ್ದೆ. ಚಿತ್ರದಲ್ಲಿರುವುದು ಅದೇ ಅಕ್ಕ, ಅದೇ ಅರಮನೆ; ಚುಕ್ಕಿಗಳು ಹೆಚ್ಚಾದರೆ ಇಬ್ಬರಿಗೂ ಏನು ಬಂತು, ನೀವೇ ಹೇಳಿ. ಅವರು ಗಂಭೀರವಾಗಿ ತಲೆಯಾಡಿಸಿ ಸಂಜೆಗೆ ಹೊಸದನ್ನು ತರುತ್ತಿದ್ದರು.

ಆದರೆ ಫೋಟೋ ತೆಗೆಯುವ ಶಿಸ್ತನ್ನು ಅವರಿಗೆ ಕಲಿಸಿದವನು ನಾನೇ. ಅದು ತೊಂಬತ್ತರ ದಶಕ, ರೀಲಿನ ಕಾಲ. ರೀಲಿಗೆ ಮೂವತ್ತಾರೇ ಚಿತ್ರ. ತೊಳೆಸಿ ತರುವ ತನಕ ಯಾರ ತಲೆ ಉಳಿದಿದೆ ಎಂದು ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ನನ್ನ ಉಪದೇಶ ಹೀಗಿತ್ತು: "ಭಾವ, ಗುಂಡಿ ಒತ್ತಿದ್ಮೇಲೆ ಉಸಿರು ಹಿಡ್ಕೊಳ್ಳಿ. ಕ್ಲಿಕ್ ಅನ್ನೋ ತನಕ ಏನೇ ಆದ್ರೂ ಅಲ್ಲಾಡ್ಬೇಡಿ." ರೀಲಿನ ಕ್ಯಾಮೆರಾದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ತಪಸ್ಸು. ಭಾವನ ಡಿಜಿಟಲ್ ಕ್ಯಾಮೆರಾ ಹಾಗಲ್ಲ. ಗುಂಡಿ ಒತ್ತಿದರೆ ಅದು ಮಸೂರವನ್ನು ಹಿಂದೆ ಮುಂದೆ ಸರಿಸಿ, ಬೆಳಕನ್ನು ಅಳೆದು, ಸರ್ಕಾರಿ ಕಡತದಂತೆ ಎಲ್ಲ ಮೇಜುಗಳನ್ನೂ ಸುತ್ತಿ ಬಂದು ಕ್ಲಿಕ್ ಎನ್ನುತ್ತಿತ್ತು. ಎದುರಿನ ವಸ್ತು ಚಲಿಸುತ್ತಿದ್ದರೆ ಮತ್ತೆ ಮೊದಲಿನಿಂದ.

ಆ ದಿನ ಎದುರಿನ ವಸ್ತು ಚಲಿಸುತ್ತಿತ್ತು. ದಸರೆಗೆ ಮುಂಚಿನ ತಾಲೀಮು. ಬೆನ್ನ ಮೇಲೆ ಮರಳಿನ ಮೂಟೆ ಹೊತ್ತ ಆನೆಗಳು ಅರಮನೆಯಿಂದ ಹೊರಟಿದ್ದವು. ಭಾವ ರಸ್ತೆಗಿಳಿದು, ಕೈ ಚಾಚಿ ಕ್ಯಾಮೆರಾ ಹಿಡಿದರು. ನಾನು ಹಿಂದಿನಿಂದ ಅವರ ಭುಜದ ಮೇಲೆ ಬಗ್ಗಿ ಪರದೆ ನೋಡಿದೆ. ಅದರಲ್ಲಿ ಆನೆ ಹೆಬ್ಬೆರಳಿನ ಗಾತ್ರಕ್ಕಿತ್ತು. ಇನ್ನೂ ದೂರವಿದೆ ಎಂದುಕೊಂಡೆ. ಮಸೂರಗಳ ಪಾಠ ಓದಿದವನು.

"ಸಾಮೀ, ಪಕ್ಕಕ್ ಓಗಿ! ಇವ್ನು ನಿಲ್ಲಾಕಿಲ್ಲ!" ಮಾವುತ ಮೇಲಿನಿಂದ ಕೂಗಿದ.

ನಾನು ತಲೆಯೆತ್ತಿ ನಿಜವಾದ ಆನೆಯನ್ನು ನೋಡಿದೆ. ಫುಟ್‌ಪಾತಿಗೆ ಹಾರಿ, "ಭಾವಾ, ಬನ್ನಿ!" ಎಂದೆ.

"ಇರೋ, ಇನ್ನೂ ಕ್ಲಿಕ್ ಅಂದಿಲ್ಲ ಕಣೋ!"

ಆನೆಯ ಪಕ್ಕದಲ್ಲಿ ನಡೆದು ಬರುತ್ತಿದ್ದ ಕಾವಾಡಿ ಭಾವನ ಕಾಲರು ಹಿಡಿದು ಎಳೆದು ಹಾಕಿದ. ಅವರು ನಿಂತಿದ್ದ ಜಾಗದಲ್ಲಿ ಆನೆ ಕಾಲಿಟ್ಟಿತು. ಆಗ ಕ್ಲಿಕ್ ಎಂದಿತು. ಚಿತ್ರದಲ್ಲಿ ಸುಕ್ಕುಗಟ್ಟಿದ ಬೂದು ಚರ್ಮ ಮಾತ್ರ ಇದೆ. ಒಂದೊಂದು ಕೂದಲೂ ಸ್ಪಷ್ಟ. ಐದು ಮೆಗಾಪಿಕ್ಸೆಲ್ ದಂಡವಾಗಲಿಲ್ಲ.

ಭಾವ ಮನೆಗೆ ಬಂದು ಮೂರು ದೋಸೆ ತಿಂದರು. ನಿದ್ದೆ ಕೆಟ್ಟದ್ದು ನನಗೆ. ಕಣ್ಣು ಮುಚ್ಚಿದರೆ ಆ ಕಾಲು ಇಳಿಯುತ್ತಿತ್ತು. ನನ್ನದೇ ದನಿ ಅಲ್ಲಾಡಬೇಡಿ ಎನ್ನುತ್ತಿತ್ತು. ಅಕ್ಕನನ್ನು ವಿಧವೆ ಮಾಡಲು ಹೊರಟದ್ದು ಆನೆಯಲ್ಲ, ನನ್ನ ಪಾಠ. ಕ್ಯಾಮೆರಾಗಳ ಬಗೆಗಿನ ನನ್ನ ನಿಲುವೂ ಸಡಿಲವಾಯಿತು. ಬೇಗ ಕ್ಲಿಕ್ ಎನ್ನುವ ಹೊಸದು ಬಂದಿದೆಯಂತೆ. ಜೀವ ಉಳಿಯುವುದಾದರೆ ಕೊಳ್ಳಲಿ. ಆದರೆ ಎಷ್ಟು ಕೊಂಡರೇನು, ಹೊಸ ಪೆಟ್ಟಿಗೆಯ ಹಿಂದೆ ರೀಲಿನ ಕಾಲದ ಮನುಷ್ಯನೇ ಉಸಿರು ಹಿಡಿದು ನಿಂತಿರುತ್ತಾನೆ. ಅವನನ್ನು ಯಾವ ಅಂಗಡಿಯವರೂ ಬದಲಿಸಿ ಕೊಡುವುದಿಲ್ಲ.

ಒಂದು ವಾರ ಹೀಗೆ ಕಳೆದು, ತಡೆಯಲಾಗದೆ ಭಾನುವಾರ ಅಕ್ಕನ ಮುಂದೆ ತಪ್ಪೊಪ್ಪಿಕೊಂಡೆ. ಹುರುಳಿಕಾಯಿ ನಾರು ಬಿಡಿಸುತ್ತಿದ್ದ ಅಕ್ಕ ಕೈ ನಿಲ್ಲಿಸಲೂ ಇಲ್ಲ.

"ನಿನ್ ಮಾತು ಕೇಳಿ ನಿಂತ್ರಾ? ಹದಿನೆಂಟು ವರ್ಷದಿಂದ ನನ್ ಮಾತೇ ಕೇಳ್ದಿರೋರು ನಿನ್ ಮಾತು ಕೇಳ್ತಾರೇನೋ! ಆನೆ ನೋಡಿ ಕಾಲು ಮರಗಟ್ಟೋಯ್ತಂತೆ ಕಣೋ. ಮರ್ಯಾದೆ ಹೋಗುತ್ತೆ ಅಂತ ಕ್ಲಿಕ್ಕು ಗಿಕ್ಕು ಅಂದ್ಬುಟ್ರಂತೆ. ಯಾರ್ಗೂ ಹೇಳ್ಬೇಡ ಅಂದವ್ರೆ."

ನನ್ನ ಇಷ್ಟು ವರ್ಷಗಳ ಗುರುಸ್ಥಾನ ಹುರುಳಿಕಾಯಿಯ ಮೊರದ ಮುಂದೆ ಮುಗಿಯಿತು. ಅವಮಾನವಾಗಬೇಕಿತ್ತು. ನಾನು ಇನ್ನೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಸಂಜೆ ಭಾವ ಬಂದು, ಏಳು ಮೆಗಾಪಿಕ್ಸೆಲ್ಲಿನದು ತರಲೇನೋ ಎಂದು ಕೇಳಿದರು. "ನಿಮ್ಮಿಷ್ಟ ಭಾವ" ಎಂದೆ. ಆ ಭಾನುವಾರ ಮಲಗಿದವನಿಗೆ ಎಚ್ಚರವಾದದ್ದು ಸೋಮವಾರ, ಹಾಲಿನವನು ಕೂಗಿ ಕೂಗಿ ಹೋದ ಮೇಲೆ.