ಸಪ್ಪಳ ನಿಂತಾಗ

ಅಣ್ಣಿಗೇರಿ ಕಡೆಯ ಹೊಲಗಳ ನಡುವೆ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆ, ಅದಕ್ಕೊಂದು ಸಣ್ಣ ರನ್‌ವೇ. ಸುತ್ತಲಿನ ಊರವರ ತಕರಾರು ಕೇಳುವುದು ನನ್ನ ನೌಕರಿ. ತಕರಾರೆಲ್ಲ ಸಪ್ಪಳದ್ದೇ, ಹಾಗಾಗಿ ಉತ್ತರ ನನಗೆ ಬಾಯಿಪಾಠ.

ಅವತ್ತು ದೂರು ಹೇಳಿಕಳಿಸಿದ್ದ ಗಂಗವ್ವ ಕಡಲೆ ಹೊಲದಲ್ಲಿ ನಾಲ್ಕಾರು ಹೆಂಗಸರ ಜೊತೆ ಕುರ್ಪಿಯಿಂದ ಕಸ ತೆಗೆಯುತ್ತಿದ್ದರು.

“ಸಪ್ಪಳ ಭಾಳ ಆಗಾಕತ್ತೈತೇನ್ರಿ ಅವ್ವಾರ?” ಅಂದೆ.

“ಸಪ್ಪಳಕ್ಕ ಯಾರ ಏನಂದಾರ್ರಿ? ನೆತ್ತಿ ಮ್ಯಾಲ ಬಂದು ಗಪ್ಪ ಆಗತೈತಲ್ಲ, ಅದು ನಮ್ಮ ತಕರಾರ. ಈಗ ಬಿತ್ತು ಅಂತ ಜೀವ ಬಾಯಿಗೆ ಬರತೈತಿ.”

ಇಂಜಿನ್ ಕೈಕೊಟ್ಟರೆ ಇಳಿಯುವುದು ಹೇಗೆ ಅಂತ ಕಲಿಯುವವರು ಬೇಕೆಂದೇ ಇಂಜಿನ್ ತಗ್ಗಿಸುತ್ತಾರೆ, ಹೆದರಬೇಡಿ ಎಂದು ವಿವರಿಸತೊಡಗಿದೆ. ಅಷ್ಟರಲ್ಲೇ ಒಂದು ವಿಮಾನ ಬಂತು. ನಮ್ಮ ತಲೆಯ ಮೇಲೆಯೇ ಅದರ ಸದ್ದು ಅಡಗಿತು. ಹೆಂಗಸರ ಕುರ್ಪಿಗಳು ನಿಂತವು. ನನ್ನ ಮಾತೂ ನಿಂತಿತು. ಇಂಜಿನ್ ಮತ್ತೆ ಗುರುಗುಟ್ಟಿದ ಮೇಲೆ ಎಲ್ಲರೂ ಉಸಿರು ಬಿಟ್ಟೆವು.

“ಕಲಿಯಾಕತ್ತಾರ ಅಂದ್ರಿ. ಮತ್ತ ನೀವ್ಯಾಕ ಗಪ್ಪ ಆದ್ರಿ?” ಅಂದರು ಗಂಗವ್ವ.

ಆ ಪಾಠವನ್ನು ಶಲವಡಿ ಕಡೆ ಮಾಡಿಸುತ್ತೇನೆ ಅಂದೆ.

“ಅಲ್ಲಿ ಬ್ಯಾಡ್ರಿ. ಅದು ನನ್ನ ತವರಮನಿ.”

“ಹಂಗಾರ ನವಲಗುಂದದ ಕಡೆ?”

ಬಾಜು ಕೂತಿದ್ದ ಹೆಂಗಸು ತಲೆ ಎತ್ತಿದಳು. “ನಮ್ಮ ಮಗಳನ್ನ ಕೊಟ್ಟೇವ್ರಿ ಅಲ್ಲಿ.”

ಗಂಗವ್ವ ಕುರ್ಪಿ ಎತ್ತಿಕೊಂಡರು. “ಇಲ್ಲೇ ಇರ್ಲಿ ಬಿಡ್ರಿ. ನಮಗರ ಗೊತ್ತಾತು. ಅವರಿಗೆ ಯಾರ ಹೇಳಾವ್ರು?”

ನಮ್ಮ ಶಾಲೆಯ ಸಾಹೇಬರು ಈಗಲೂ ಬೇರೆ ಜಾಗ ನೋಡು ಅನ್ನುತ್ತಾರೆ. ನೋಡುತ್ತಲೇ ಇದ್ದೇನೆ. ಯಾರ ತವರಿನ ಮೇಲೂ ಇಲ್ಲದ ಆಕಾಶ ಈ ಜಿಲ್ಲೆಯಲ್ಲಿ ಇನ್ನೂ ಸಿಕ್ಕಿಲ್ಲ.