ಮೂರು ಗಂಟೆಯ ಕರೆ

ಡೊಂಬಿವಲಿ ಎಂಐಡಿಸಿಯ ಆ ಎರಡನೇ ಮಾಳಿಗೆಯ ಮನೆಯಲ್ಲಿ ದಿನವೂ ಮಧ್ಯಾಹ್ನ ಮೂರಕ್ಕೆ ಸೌಟಿನಿಂದ ಪಾತ್ರೆಯ ಮುಚ್ಚಳಕ್ಕೆ ಎರಡು ಬಡಿತ ಬೀಳುತ್ತಿತ್ತು. ಹಿಂದೆಯೇ ಶ್ರೀಮತಿಯಮ್ಮನ ದನಿ: “ಒಣಸ್‌ಗ್ ಬಲೆ.” ಊಟಕ್ಕೆ ಬನ್ನಿ ಎಂದು ತುಳುವಿನಲ್ಲಿ ಇಷ್ಟು ಮರ್ಯಾದೆಯಿಂದ ಕರೆಸಿಕೊಳ್ಳುತ್ತಿದ್ದವರು ನೆಂಟರಿಷ್ಟರಲ್ಲ, ಬೆಕ್ಕುಗಳು.

ಮೊಮ್ಮಗಳು ತನ್ವಿ ಬೀದಿಯಲ್ಲಿ ಗಾಯಗೊಂಡ ಬೆಕ್ಕುಗಳನ್ನು ಎತ್ತಿಕೊಂಡು ಬರುವಳು. ವಾಸಿಯಾಗಿ, ಸಾಕುವವರು ಸಿಗುವ ತನಕ ಅವುಗಳಿಗೆ ಅಜ್ಜಿಯೇ ಗತಿ. ಐದು ವರ್ಷದಲ್ಲಿ ಒಂದರ ಹಿಂದೆ ಒಂದರಂತೆ ಇಪ್ಪತ್ತಮೂರು ಬಂದು ಹೋಗಿದ್ದವು. ಜನ್ಮದಲ್ಲಿ ಮೀನು ಮುಟ್ಟದ ಶ್ರೀಮತಿಯಮ್ಮ ಮೂಗಿಗೆ ಸೆರಗು ಹಿಡಿದುಕೊಂಡೇ ಮೀನೂಟದ ಪ್ಯಾಕೆಟ್ ಒಡೆಯುತ್ತಿದ್ದರು. ತುಳುವಿನಲ್ಲಿ ಕೇಳಿದರೆ ತನ್ವಿಯ ಉತ್ತರ ಹಿಂದಿಯಲ್ಲಿ. ಬೆಕ್ಕುಗಳು ಹಾಗಲ್ಲ, ಕರೆದರೆ ಬಾಲ ಎತ್ತಿಕೊಂಡು ಬರುತ್ತಿದ್ದವು.

ಆ ಕರೆ ಹಿಂದೆ ಕೋಪರಿಯಲ್ಲಿದ್ದಾಗಿನದು. ಅಲ್ಲಿ ಸ್ಟೇಷನ್ ಪಕ್ಕದಲ್ಲಿ ಗಂಡ ಮಧ್ವೇಶರಾಯರ ಹೋಟೆಲಿತ್ತು, ಮೇಲೆ ಮನೆ. ಗಿರಾಕಿಗಳ ಗದ್ದಲ ಇಳಿಯುವಾಗ ಮೂರು ಗಂಟೆ. ಮೆಟ್ಟಿಲ ಮೇಲೆ ನಿಂತು ಮುಚ್ಚಳ ಬಡಿದರೆ ಹದಿನಾಲ್ಕು ಕೆಲಸಗಾರರು ದಡದಡ ಹತ್ತಿ ಬರುತ್ತಿದ್ದರು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದು ಶ್ರೀಮತಿಯಮ್ಮನಿಗೆ. ಎಂಥ ದಿನಗಳು ಅವು. ರಾಯರು ಹೋದರು, ಕಟ್ಟಡ ಕೆಡವಿದರು, ಹದಿನಾಲ್ಕು ಮಂದಿ ದಿಕ್ಕಾಪಾಲಾದರು. ಕರೆಯೊಂದು ಬಾಯಲ್ಲಿ ಉಳಿಯಿತು.

ಇಪ್ಪತ್ತಮೂರರಲ್ಲಿ ಕೊನೆಯವನು ‘ಭಟ್ರು’. ಹರಿದ ಕಿವಿ, ಡೊಳ್ಳು ಹೊಟ್ಟೆ, ಸದಾ ಒಲೆಯ ಪಕ್ಕವೇ ಠಿಕಾಣಿ. ಹೋಟೆಲಿನ ಅಡುಗೆ ಭಟ್ಟರ ಪಡಿಯಚ್ಚು. ಎಂಟು ತಿಂಗಳಾದರೂ ಯಾರೂ ಒಯ್ಯಲಿಲ್ಲ. ಇವನು ನನಗೇ ಉಳಿದ ಎಂದು ಶ್ರೀಮತಿಯಮ್ಮ ಒಳಗೊಳಗೇ ಹಿಗ್ಗುತ್ತಿರುವಾಗ ಘಣಸೋಲಿಯ ಕಾಂಚನಾ ಬಂದಳು. ಕಲಬುರಗಿ ಕಡೆಯವಳು, ಮಗಳಿಗೆಂದು ಒಯ್ದಳು.

ನಾಲ್ಕನೇ ದಿನ ಅವಳ ಫೋನ್ ಬಂತು.

“ಅಮ್ಮಾರ, ಮೂರ್ ದಿನ ಆತ್ರಿ, ಕಪಾಟಿನ ಕೆಳಗ ಕುಂತದ. ಏನ್ ಹಾಕಿದ್ರೂ ಮುಟ್ಟವಲ್ದು. ಮಗಳು ಒಂದೇ ಸಮ ಅಳ್ಲಿಕತ್ಯಾಳ. ತಂದ್ ಬಿಡ್ಲೇನ್ರಿ?”

‘ತನ್ನಿ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸುಮ್ಮನೆ ಹೂಂ ಅಂದರೆ ಸಾಕು, ಸಂಜೆಗೆ ಭಟ್ರು ಒಲೆಯ ಪಕ್ಕ. ಆದರೆ ಅವನಿದ್ದ ಮೂಲೆಯಲ್ಲಿ ಆಗಲೇ ಕಾಲು ಮುರಿದ ಮರಿಯೊಂದು ಮಲಗಿತ್ತು. ಇಬ್ಬರಿಗೆ ಈ ಮನೆಯಲ್ಲಿ ಜಾಗವಿಲ್ಲ. ಫೋನಿನಾಚೆ ಹುಡುಗಿ ಬಿಕ್ಕುವುದು ಬೇರೆ ಕೇಳಿಸುತ್ತಿತ್ತು.

“ಊಟಕ್ಕೆ ಹ್ಯಾಗೆ ಕರೀತೀರಿ ಅವನನ್ನು?”

“ಕರಿಯೂದೇನ್ರಿ, ತಾಟ್ ಮುಂದ ಇಡ್ತೀವಿ.”

“ಕರೆಯದೆ ಯಾರಾದ್ರೂ ಉಣ್ತಾರಾ ಮಾರಾಯ್ತಿ? ನಾನು ಹೇಳ್ತೇನೆ, ಬರ್ಕೊಳ್ಳಿ.”

ಹೇಳಿಕೊಟ್ಟು ಫೋನಿಟ್ಟ ಮೇಲೆ ಶ್ರೀಮತಿಯಮ್ಮನಿಗೆ ಊಟ ಸೇರಲಿಲ್ಲ.

ಮರುದಿನ ಮೂರಕ್ಕೆ ಸರಿಯಾಗಿ ಕಾಂಚನಾ ಮತ್ತೆ ಫೋನ್ ಮಾಡಿ, ಕೇಳ್ರಿ ಎಂದಳು. ಮುಚ್ಚಳಕ್ಕೆ ಎರಡು ಬಡಿತ. ಪುಟ್ಟ ಹುಡುಗಿಯ ದನಿ: “ಒಣಸ್‌ಗ್ ಬಲೆ.” ಏನೂ ಇಲ್ಲ. ಇನ್ನೊಮ್ಮೆ ಕರೆದಳು. ಶ್ರೀಮತಿಯಮ್ಮ ಫೋನನ್ನು ಕಿವಿಗೆ ಒತ್ತಿಕೊಂಡರು.

“ಬಂತ್ರಿ ಅಮ್ಮಾರ,” ಎಂದಳು ಕಾಂಚನಾ ಮೆಲ್ಲಗೆ. “ತಿನ್ಲಿಕತ್ತದ.”

ಹುಡುಗಿ ಖುಷಿ ತಡೆಯಲಾಗದೆ ಫೋನಿನ ಹತ್ತಿರವೇ ಬಂದು ಮತ್ತೆ ಕೂಗಿದಳು: “ಒಣಸ್‌ಗ್ ಬಲೆ.”

ನಲವತ್ತು ವರ್ಷ ಊರನ್ನೆಲ್ಲ ಊಟಕ್ಕೆ ಕರೆದ ಶ್ರೀಮತಿಯಮ್ಮನನ್ನು ಯಾರೂ ಹೀಗೆ ಕರೆದಿರಲಿಲ್ಲ. ಕಣ್ಣು ತುಂಬಿತು.

“ಬತ್ತೆ ಮಗಾ, ಬತ್ತೆ,” ಎಂದು ತುಳುವಿನಲ್ಲೇ ಓಗೊಟ್ಟು, ತಟ್ಟೆ ಹಾಕಿಕೊಂಡು ಉಣ್ಣಲು ಕೂತರು.