ಬಗಲಿನ ಬೆರಳಗಲ ಜಾಗ

ಹಿರೇಮಠ ಸರ್, ಆ ಸಂಜೆ ರಂಗದ ಮೇಲೆ ನಿಮ್ಮ ಮಾತು ನಿಂತುಹೋದದ್ದು ಮರೆವಿನಿಂದಲ್ಲ. ನೀವು ತೊಟ್ಟಿದ್ದ ಕವಚದ ಎರಡೂ ಬಗಲಿನಲ್ಲಿ ನೀವೇ ಬಿಟ್ಟಿದ್ದ ಬೆರಳಗಲದ ಜಾಗವನ್ನು ನಾನು ಮುಚ್ಚಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅದನ್ನು ನಾನೇ ಗರಗಸದಿಂದ ಕೊಯ್ದು ತೆರೆದು, ಅಂಚಿಗೆ ಬಣ್ಣ ಹಚ್ಚಿ, ಏನೂ ನಡೆದೇ ಇಲ್ಲವೆಂಬಂತೆ ನಿಮ್ಮ ಮನೆಗೆ ತಂದುಕೊಟ್ಟೆ. ಆರು ವರ್ಷವಾಯಿತು. ಯಾರಿಗೂ ಹೇಳಿಲ್ಲ.

ಮೊದಲ ವಾಕ್ಯ ಬರೆದ ಕೂಡಲೇ ಹೊಡೆದುಹಾಕಬೇಕೆನಿಸಿತು. ‘ಮರೆವಿನಿಂದಲ್ಲ’ — ಅಷ್ಟು ಖಚಿತವಾಗಿ ಹೇಳಲು ನನ್ನಲ್ಲಿ ಏನು ಆಧಾರವಿದೆ? ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವನು. ನೆನಪು ಎಂಬುದನ್ನು ಮನಸ್ಸು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು. ಆ ಓದನ್ನು ಆಮೇಲೆ ಯಾವುದಕ್ಕೆ ಬಳಸಿಕೊಂಡೆ ಎಂಬುದೂ ಈ ತಪ್ಪಿಗೆ ಸೇರಿದ್ದೇ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ನನಗೆ ತಿಳಿದಷ್ಟು.

ಪುಣೆಯ ಇಪ್ಪತ್ತು ಮಂದಿ ಕನ್ನಡಿಗರ ನಮ್ಮ ತಂಡಕ್ಕೆ ಅದು ದೊಡ್ಡ ರಂಗಮಂದಿರದಲ್ಲಿ ಮೊದಲ ನಾಟಕ. ಸುಮಿತ್ರಾ ಮೇಡಂ ಬರೆದು ಆಡಿಸುತ್ತಿದ್ದದ್ದು. ನಿಮ್ಮದು ಕೋಟೆ ಬಿಟ್ಟುಕೊಡಲು ಒಪ್ಪದ ಮುದಿ ಸೇನಾಪತಿಯ ಪಾತ್ರ. ವಾರವೆಲ್ಲ ತಳೇಗಾಂವದ ಕಾರ್ಖಾನೆಯಲ್ಲಿ ಪಾಳಿ ನೋಡಿಕೊಂಡು, ಭಾನುವಾರ ಲೋಕಲ್ ರೈಲು ಹಿಡಿದು ತಾಲೀಮಿಗೆ ಬರುತ್ತಿದ್ದಿರಿ. ಬಾಡಿಗೆ ಅಂಗಡಿಯಿಂದ ತಂದ ಕವಚವನ್ನು — ರಟ್ಟಿಗೆ ಬಂಗಾರದ ಕಾಗದ ಅಂಟಿಸಿದ್ದು — ಎದೆಗೆ ಹಿಡಿದು ನೋಡಿದಿರಿ.

“ಇದನ್ನ ಹಾಕ್ಕೊಂಡ್ರ ಸೇನಾಪತಿ ಅಲ್ರೀ, ಮಿಠಾಯಿ ಡಬ್ಬಿ ಕಾಣಸ್ತೀನಿ.”

ಮುಂದಿನ ಭಾನುವಾರ ನಿಮ್ಮ ಮನೆಯ ತಾರಸಿಯಲ್ಲಿ, ಉಳಿದಿದ್ದ ಪಿವಿಸಿ ನೀರಿನ ಪೈಪುಗಳನ್ನು ಉದ್ದಕ್ಕೆ ಸೀಳಿ, ಬಿಸಿಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ, ಹಲಗೆಯ ಕೆಳಗೆ ಒತ್ತಿ ತಗಡಿನಂತೆ ಚಪ್ಪಟೆ ಮಾಡತೊಡಗಿದಿರಿ. ನಾನು ಸಹಾಯಕ್ಕೆ ಬಂದವನು. ತುಂಡುಗಳು ಸೇರಿದ ಕಡೆಯಲ್ಲೆಲ್ಲ ಉಳಿಯುವ ಸಂದುಗಳನ್ನು ತುಂಬಿ ನುಣುಪು ಮಾಡುವುದು ನನ್ನ ಪಾಲಿಗೆ ಬಂತು. ಕಾರಿನ ಮೈಯ ತಗ್ಗು ತುಂಬುವ ಪುಟ್ಟಿ ಲೇಪವನ್ನು ಮೊದಲ ಸಲ ಕಲಸಿ ಹಚ್ಚಿದಾಗ ಅದು ಒಣಗಿ ಇಡಿಯಾಗಿ ಉದುರಿತು. ನೀವು ನಕ್ಕಿರಿ.

“ಮೊದಲ ಪಾಲಿಶ್ ಕಾಗದ ತಿಕ್ಕಿ ಖರಬರಾ ಮಾಡ್ಬೇಕಪಾ. ನುಣ್ಣಗಿದ್ದಲ್ಲಿ ಯಾವುದು ಹಿಡೀತದ? ನಿಮ್ಮ ಕಾಲೇಜಿನ್ಯಾಗ ಇದನ್ನ ಕಲಸಲಿಲ್ಲೇನು?”

“ನಮ್ಮ ಕಾಲೇಜಲ್ಲಿ ಮನಸ್ಸಿನ ಬಗ್ಗೆ ಹೇಳಿಕೊಟ್ರು ಸರ್, ಪ್ಲಾಸ್ಟಿಕ್ ಬಗ್ಗೆ ಅಲ್ಲ.”

“ಎರಡೂ ಒಂದs. ಭಾಳ ಕಾಸಿದ್ರ ಸುಕ್ಕ ಬೀಳ್ತಾವ.”

ಕಲಿತೆ. ಒರಟು ಮಾಡುವುದು, ಹಚ್ಚುವುದು, ನೀರು ಹಾಕಿ ತಿಕ್ಕುವುದು, ತಳಬಣ್ಣದ ಪ್ರೈಮರ್ ಬಿದ್ದ ಮೇಲೆ ಎದ್ದು ಕಾಣುವ ಸೂಜಿರಂಧ್ರಗಳನ್ನು ಮತ್ತೆ ತುಂಬುವುದು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಯಾವ ತುಂಡು ಮುಗಿದು ಯಾವುದು ಶುರುವಾಗುತ್ತದೆಂದು ತಿಳಿಯಬಾರದು — ಅಲ್ಲಿಯವರೆಗೆ ಬಿಡುತ್ತಿರಲಿಲ್ಲ. ಅದರಲ್ಲೊಂದು ಹುಚ್ಚು ಹತ್ತಿತ್ತು ನನಗೆ. ದಿನವಿಡೀ ಕಂಪ್ಯೂಟರ್ ಪರದೆಯ ಮುಂದೆ ಕೂತು ಮಾಡುವ ಕೆಲಸದಲ್ಲಿ ‘ಇದು ಮುಗಿಯಿತು’ ಎನ್ನುವ ಸುಖ ಸಿಗುತ್ತಿರಲಿಲ್ಲ.

ಬಣ್ಣಕ್ಕೆಂದು ಕವಚವನ್ನು ಕೊಂಢವಾ ಬಡಾವಣೆಯ ನನ್ನ ಮನೆಗೆ ಒಯ್ಯುವ ದಿನ ನೀವು ಬಗಲಿನ ಕಡೆ ಬೆರಳು ಇಟ್ಟು ತೋರಿಸಿದಿರಿ. ಎದೆಯ ಭಾಗಕ್ಕೂ ಬೆನ್ನಿನ ಭಾಗಕ್ಕೂ ನಡುವೆ ಎರಡೂ ಪಕ್ಕದಲ್ಲಿ ಒಂದು ಬೆರಳಿನಷ್ಟು ಜಾಗ, ಒಳಗೆ ಅಗಲವಾದ ಎಲಾಸ್ಟಿಕ್ ಪಟ್ಟಿ.

“ಎಲ್ಲಾ ತುಂಬು, ಇದನ್ನ ಮಾತ್ರ ತುಂಬಬ್ಯಾಡ.”

ಯಾಕೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲೇ ಇಲ್ಲ. ಅಳತೆ ಕೂಡಿಬರದೆ ಉಳಿದುಹೋದ ಜಾಗ, ಕಾರ್ಖಾನೆಯ ಮನುಷ್ಯ ನೀವು, ಅದನ್ನು ಬೇಕೆಂದೇ ಬಿಟ್ಟಿದ್ದೆಂದು ಹೇಳುತ್ತಿದ್ದೀರಿ — ಹೀಗೆ ಎಣಿಸಿದೆ. ಎಷ್ಟು ಸುಲಭವಾಗಿ ಎಣಿಸಿದೆ! ಬಣ್ಣ ಹಚ್ಚಿದ ಮೇಲೆ ಆ ಎರಡು ಸಂದುಗಳು ಕಣ್ಣಿಗೆ ಚುಚ್ಚತೊಡಗಿದವು. ಉಳಿದದ್ದೆಲ್ಲ ಎರಕ ಹೊಯ್ದ ಉಕ್ಕಿನಂತಿದೆ, ಇಲ್ಲಿ ಮಾತ್ರ ಬಿಳಿ ಎಲಾಸ್ಟಿಕ್ ಇಣುಕುತ್ತದೆ. ತಾಲೀಮಿನಲ್ಲಿ ಟೇಪು ಹಿಡಿದು ನಿಮ್ಮ ಎದೆಯ ಸುತ್ತಳತೆ ತೆಗೆದುಕೊಂಡೆ. ಮುಚ್ಚಿದರೂ ಸರಿಹೋಗುತ್ತದೆ ಎಂದು ಲೆಕ್ಕ ಹೇಳಿತು. ಎಲಾಸ್ಟಿಕ್ ಬಿಚ್ಚಿ, ಒಳಗಿನಿಂದ ಪಿವಿಸಿ ಪಟ್ಟಿ ಅಂಟಿಸಿ, ಮೇಲೆ ಪುಟ್ಟಿ ತುಂಬಿ, ತಿಕ್ಕಿ, ಬಣ್ಣ ಹಚ್ಚಿದೆ.

ನಾನು ಅಳೆದದ್ದು ಸುಮ್ಮನೆ ನಿಂತಿದ್ದ ಮನುಷ್ಯನ ಎದೆಯನ್ನು. ಮಾತಾಡುತ್ತಿದ್ದ ಮನುಷ್ಯನದಲ್ಲ.

ನಾಟಕದ ಸಂಜೆ ಬಣ್ಣದ ಮನೆಯಲ್ಲಿ, ತಲೆಯ ಮೇಲಿಂದ ಕವಚ ಇಳಿಸಿಕೊಂಡು ನೀವು ಭುಜ ಕುಣಿಸಿದಿರಿ. “ಯಾಕೋ ಬಿಗಿ ಅನಸ್ತದಲ್ಲೋ?” ಎಂದಿರಿ. ಉಡುಪಿನ ಮೇಲೆ ಶಲ್ಯ ಹೊದಿಸುತ್ತಿದ್ದವನು ನಾನೇ. ನಿಮ್ಮ ಬಗಲು ನಿಮಗೆ ಕಾಣುವಂತಿರಲಿಲ್ಲ. “ಹೊಸ ಬಣ್ಣ ಸರ್, ಸ್ವಲ್ಪ ಹೊತ್ತಿಗೆ ಸರಿಹೋಗತ್ತೆ” ಎಂದೆ. ಹೊಸ ಬಣ್ಣದಿಂದ ಯಾವ ಕವಚವೂ ಬಿಗಿಯಾಗುವುದಿಲ್ಲ. ನೀವು ನಂಬಿದಿರಿ.

ಎರಡನೇ ಅಂಕದ ಕೊನೆಯಲ್ಲಿ ಒಂದೇ ಉಸಿರಿನಲ್ಲಿ ಏರುತ್ತಾ ಹೋಗುವ ಆ ಏಳು ಸಾಲುಗಳಿವೆಯಲ್ಲ — ನಾಲ್ಕನೆಯದರ ನಡುವೆ ನಿಂತಿರಿ. ಬಾಯಿ ತೆರೆದೇ ಇತ್ತು. ಪರದೆಯ ಹಿಂದಿನಿಂದ ಪ್ರಾಂಪ್ಟರ್ ಮುಂದಿನ ಮಾತು ಹೇಳಿಕೊಟ್ಟರು. ಮತ್ತೊಮ್ಮೆ ಜೋರಾಗಿ ಹೇಳಿದ್ದು ಮುಂದಿನ ಸಾಲಿನವರಿಗೂ ಕೇಳಿಸಿ ಯಾರೋ ಕಿಸಕ್ಕೆಂದರು. ಆದರೂ ನಿಮ್ಮಿಂದ ಮಾತು ಹೊರಡಲಿಲ್ಲ. ನಾನು ನಿಂತಿದ್ದ ವಿಂಗಿನ ಕಡೆ ಒಮ್ಮೆ ತಿರುಗಿದಿರಿ, ಆಮೇಲೆ ಕೋಟೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಿರಿ. ಸುಮಿತ್ರಾ ಮೇಡಂ ಪರದೆ ಇಳಿಸಿದರು.

ಮರೆತವನಿಗೆ ಮಾತು ಹೇಳಿಕೊಟ್ಟರೆ ಸಾಕಾಗುತ್ತದೆ. ನಿಮಗೆ ಸಾಕಾಗಲಿಲ್ಲ. ಇದು ಅಂದೇ ನನಗೆ ಹೊಳೆದಿತ್ತು. ಕವಚ ಬಿಚ್ಚಿದಾಗ ಬನಿಯನ್ ತೊಯ್ದು ಮೈಗೆ ಅಂಟಿತ್ತು. ಅದನ್ನು ಎತ್ತಿದರೆ ಎರಡೂ ಪಕ್ಕೆಗಳ ಮೇಲೆ ನಾನು ಅಂಟಿಸಿದ ಪಟ್ಟಿಗಳ ಕೆಂಪು ಗುರುತು. ನೋಡಿದೆ. ಬನಿಯನ್ ಇಳಿಸಿದೆ. ನೀವು ಕನ್ನಡಿಯ ಮುಂದೆ ಕುಳಿತು, ಯಾರಿಗೆಂದಿಲ್ಲದೆ, “ಎಲ್ಲಾ ಖಾಲಿ ಆದಂಗ ಆತು, ಕಣ್ಣಿಗೆ ಕತ್ಲಿ ಬಂತು” ಎಂದಿರಿ. ಆಗ ನಾನು, ಸಮಾಧಾನದ ದನಿಯಲ್ಲಿ, ಹೀಗೆ ಹೇಳಿದೆ:

“ವಯಸ್ಸಾದ ಮೇಲೆ ಹೀಗೆಲ್ಲ ಆಗತ್ತೆ ಸರ್. ಮರೆವು ಯಾರನ್ನ ಬಿಟ್ಟಿದೆ?”

‘ಮರೆವು’ ಎಂಬ ಮಾತನ್ನು ಅಲ್ಲಿ ಮೊದಲು ಆಡಿದವನು ನಾನು. ನೀವಲ್ಲ. ನಿಮಗಾಗ ಐವತ್ತೇಳು.

ಮರುದಿನದ್ದನ್ನು ಮೊದಲೇ ಹೇಳಿದ್ದೇನೆ. ಬೆವರು ಒರೆಸಿ ತರುತ್ತೇನೆಂದು ಕವಚ ಒಯ್ದಿದ್ದೆ. ಬಾಲ್ಕನಿಯಲ್ಲಿ ಗರಗಸದ ಬ್ಲೇಡು ಹಿಡಿದು ಎರಡೂ ಪಟ್ಟಿ ಕೊಯ್ದೆ, ಎಲಾಸ್ಟಿಕ್ಕನ್ನು ಮತ್ತೆ ಅಂಟಿಸಿದೆ. ಅಂಚುಗಳನ್ನು ನೇರ್ಪಡಿಸುವಾಗ ಎಂದಿನಂತೆ ಬೆರಳಾಡಿಸಿ ನೋಡಿದೆ ಕೂಡ. ತಳೇಗಾಂವಕ್ಕೆ ತಂದುಕೊಟ್ಟಾಗ ನೀವು ಅದನ್ನು ಮತ್ತೆ ತೊಟ್ಟಿರಿ. ಯಾಕೆ ತೊಟ್ಟಿರೆಂದು ನನಗೆ ಗೊತ್ತಿತ್ತು. ಎರಡು ಸಲ ದೀರ್ಘವಾಗಿ ಉಸಿರೆಳೆದು, ಎರಡೂ ಬಗಲಿಗೆ ಬೆರಳು ತೂರಿಸಿ ನೋಡಿ, ನಿಧಾನಕ್ಕೆ ತೆಗೆದಿಟ್ಟಿರಿ.

“ಇದರದೇನೂ ತಪ್ಪಿಲ್ಲ ಬಿಡಪಾ. ಸರಿ ಅದ. ತಪ್ಪ ಇಲ್ಲೇ ಅದ” ಎಂದು ಹಣೆಗೆ ಬೆರಳು ತಟ್ಟಿಕೊಂಡಿರಿ.

ನಿಮ್ಮ ಮನೆಯವರು, ಶಾರದಾ ಕಾಕು, ನನ್ನ ಕೈಗೆ ಚಹಾ ಕೊಟ್ಟು, ನೀವು ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ಅವರ ಅಪ್ಪಗೂ ಹಿಂಗs ಸುರು ಆಗಿತ್ತು ನೋಡು. ಕಡೀಕ ನನ್ನ ಯಾರು ಅಂತ ಕೇಳ್ತಿದ್ರು.”

ಆ ಚಹಾ ಪೂರ್ತಿ ಕುಡಿದೆ. ಅಷ್ಟು ಹೊತ್ತಿತ್ತು ಹೇಳಲು —

ನೀವು ಪಾತ್ರ ಮಾಡುವುದನ್ನು ಬಿಟ್ಟಿರಿ. ವೈದ್ಯರು ಏನೂ ಇಲ್ಲವೆಂದರೂ “ಸುರುವಿಗೆ ಗೊತ್ತಾಗೂದಿಲ್ಲ” ಎಂದಿರಿ. ನಾಟಕದ ಪುಸ್ತಕ ಕೈಯಲ್ಲಿದ್ದರೆ ಹೆದರಿಕೆಯಿಲ್ಲ ಎಂದು ನೀವೇ ಪ್ರಾಂಪ್ಟರ್ ಆದಿರಿ. ನೀವು ರೈಲು ಹತ್ತಿದಾಗ ಒಂದು, ಇಳಿದಾಗ ಒಂದು ಕಾಕುವಿನ ಫೋನು ಬರುತ್ತದೆ, ಇಂದಿಗೂ. ತಾಲೀಮಿನ ನಡುವೆಯೂ ಒಮ್ಮೊಮ್ಮೆ ಅದು ಬಡಿದುಕೊಂಡಾಗ ಹುಡುಗರು ತಮಾಷೆ ಮಾಡುತ್ತಾರೆ. ನಾನು ಆ ಕಡೆ ನೋಡುವುದಿಲ್ಲ.

ಮತ್ತೆ ನನ್ನ ಓದು ನನಗೆ ಒದಗಿ ಬಂತು. ನೀವು ‘ತುಂಬಬ್ಯಾಡ’ ಎಂದದ್ದು ನಿಜವೇ? ನನ್ನ ನೆನಪಿನಲ್ಲಿ ಆ ಮಾತು ಹೇಳುವ ನೀವು ಕಾರ್ಖಾನೆಯ ನೀಲಿ ಅಂಗಿ ತೊಟ್ಟಿದ್ದೀರಿ. ಆದರೆ ಅಂದು ಭಾನುವಾರ. ಭಾನುವಾರ ನೀವು ಆ ಅಂಗಿ ಮುಟ್ಟುವುದಿಲ್ಲ. ಅಂಗಿ ಸುಳ್ಳಾದರೆ ಮಾತೂ ಸುಳ್ಳಿರಬಹುದು. ಕೆಂಪು ಗುರುತನ್ನು ಆಮೇಲೆ ನನ್ನ ಅಳುಕೇ ಬರೆದಿರಬಹುದು. ನಿಜಕ್ಕೂ ಮರೆತಿದ್ದಿರಬಹುದು — ಒಂದು ಸಂಜೆಯ ಒಂದು ಘಟನೆಯಿಂದ ಕಾರಣವನ್ನು ಸಾಧಿಸಲಾಗದು. ಹೀಗೆ ಆ ನೀಲಿ ಅಂಗಿಯನ್ನು ಹಿಡಿದುಕೊಂಡು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ. ಸಂಶಯ ಪ್ರಾಮಾಣಿಕರ ಗುಣವೆಂದು ನಂಬಿದ್ದವನು ನಾನು. ನನಗೆ ಅನುಕೂಲವಾದ ಕಡೆಗೇ ಅದು ಪ್ರತಿ ಸಲ ವಾಲುತ್ತಿತ್ತಲ್ಲ, ಅದರ ಬಗ್ಗೆ ಮಾತ್ರ ಸಂಶಯ ಬರಲಿಲ್ಲ.

ಸಂಶಯಕ್ಕೆ ಎಡೆಯಿಲ್ಲದ್ದು ಒಂದಿದೆ. ಬಣ್ಣ ಮುಗಿದ ದಿನ ಹೆಮ್ಮೆಯಿಂದ ತೆಗೆದ ಫೋಟೋ ನನ್ನ ಫೋನಿನಲ್ಲಿದೆ. ಪಕ್ಕದಿಂದ ತೆಗೆದದ್ದು. ಬಗಲಿನಿಂದ ಸೊಂಟದವರೆಗೆ ಒಂದೇ ನುಣುಪು.

ಕಳೆದ ತಿಂಗಳು ಅದೇ ನಾಟಕವನ್ನು ಮತ್ತೆ ಎತ್ತಿಕೊಂಡೆವು. ಸೇನಾಪತಿಯ ಪಾತ್ರಧಾರಿ ಅಂದು ಬಂದಿರಲಿಲ್ಲ. ಸುಮಿತ್ರಾ ಮೇಡಂ, “ಕಾಕಾ, ಇವತ್ತಿನ ಮಟ್ಟಿಗೆ ನೀವs ಓದ್ರಿ” ಎಂದರು. ನೀವು ಪುಸ್ತಕ ಹಿಡಿದು ಎದ್ದಿರಿ. ಏಳು ಸಾಲನ್ನೂ ಹೇಳಿದಿರಿ, ಅದರ ಮುಂದಿನ ಇಡೀ ದೃಶ್ಯವನ್ನೂ ಹೇಳಿದಿರಿ. ಮೂಲೆಯಲ್ಲಿ ಹರಟುತ್ತಿದ್ದವರು ಹತ್ತಿರ ಬಂದು ನಿಂತರು. ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ನಿಮ್ಮ ಕೈಯಲ್ಲಿದ್ದ ಪುಸ್ತಕ ಮೊದಲನೇ ಅಂಕದಲ್ಲೇ ತೆರೆದಿತ್ತು. ಒಂದು ಹಾಳೆಯನ್ನೂ ನೀವು ತಿರುವಲಿಲ್ಲ.

“ಬಸ್ ಝಾಲ, ಇನ್ನ ಮಾತಿಲ್ಲ, ಪಾತ್ರ ನಿಮ್ದs” ಎಂದರು ಮೇಡಂ.

ನೀವು ಗಾಬರಿಯಾಗಿ ಪುಸ್ತಕ ಎತ್ತಿ ತೋರಿಸಿದಿರಿ. “ಅಯ್ಯ ಬ್ಯಾಡವ್ವಾ. ಇದನ್ನ ನೋಡಿ ಹೇಳಿದ್ನೆಲಾ. ಇದಿಲ್ದ ನನ್ನ ಕೈಲೆ ಆಗೂದಿಲ್ಲ.”

ನೀವು ಸುಳ್ಳು ಹೇಳುತ್ತಿರಲಿಲ್ಲ. ಓದಿದೆನೆಂದೇ ನಂಬಿದ್ದಿರಿ. ಅದನ್ನು ನೋಡುತ್ತಾ ನಿಂತೆ. ಅಂದೂ ಬಾಯಿ ಬಿಡಲಿಲ್ಲ.

ಈ ಭಾನುವಾರ ನೀವು ತಾಲೀಮಿಗೆ ಹೊರಡುವ ಮೊದಲೇ ತಳೇಗಾಂವಕ್ಕೆ ಬರುತ್ತೇನೆ. ಈ ಬರಹವನ್ನು ಕೈಗಿಟ್ಟು ತಪ್ಪಿಸಿಕೊಳ್ಳುವುದಿಲ್ಲ. ಬಾಯಲ್ಲೇ ಹೇಳುತ್ತೇನೆ, ಕಾಕುವನ್ನೂ ಕೂರಿಸಿಕೊಂಡು, ಏಕೆಂದರೆ ಹೆದರಿಕೆಯಲ್ಲಿ ಅರ್ಧ ಅವರು ಹೊತ್ತಿದ್ದಾರೆ. ಫೋಟೋ ತೋರಿಸುತ್ತೇನೆ. ಮೇಡಂ ಮತ್ತು ತಂಡದವರ ಮುಂದೆಯೂ ಅಂದೇ ಹೇಳುತ್ತೇನೆ. ಅಷ್ಟಾದ ಮೇಲೂ ಆ ಪಾತ್ರ ಬೇಡವೆಂದರೆ ಒತ್ತಾಯಿಸುವ ಅಧಿಕಾರ ನನಗಿಲ್ಲ. ಐವತ್ತೇಳರಿಂದ ಅರವತ್ತಮೂರರವರೆಗೆ ನೀವು ಆಡಬಹುದಾಗಿದ್ದ ಪಾತ್ರಗಳು ಹೋದವು, ಅವನ್ನು ತರಲಾರೆ. ಬಾಗಿಲು ತೆರೆದವರು ನೀವಾದರೆ ಎಂದಿನಂತೆ ಕವಚದ ಬಗ್ಗೆ, ಹೊಸ ಬಣ್ಣದ ಬಗ್ಗೆ ಮಾತು ತೆಗೆಯಬಹುದು ನಾನು. ಅದಕ್ಕೇ ಮೊದಲು ಆಡಬೇಕಾದ ಮಾತನ್ನು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಪಾಠ ಒಪ್ಪಿಸುವವನ ಹಾಗೆ ರೈಲಿನಲ್ಲಿ ಹೇಳಿಕೊಂಡು ಬರಲು:

ಸರ್, ನೀವು ಮರೆತಿರಲಿಲ್ಲ. ನಿಮಗೆ ಉಸಿರು ಸಿಗದ ಹಾಗೆ ಮಾಡಿದವನು ನಾನು. ಅದು ಅಂದೇ ನನಗೆ ಗೊತ್ತಿತ್ತು.